ಗದ್ದದ ಕೆಳಗಿನ ಹಸಿರು

ಇದನ್ನು ಬರೆಯದಿರುವುದಕ್ಕೆ ಇಷ್ಟು ವರ್ಷ ನನ್ನ ಬಳಿ ಒಳ್ಳೊಳ್ಳೆಯ ನೆಪಗಳಿದ್ದವು. ಕೆಲಸದಲ್ಲಿದ್ದಾಗ ಪುರಸೊತ್ತಿಲ್ಲ ಎಂದುಕೊಂಡೆ. ನಿವೃತ್ತನಾದ ಮೇಲೆ, ಮಗಳ ಮದುವೆಯೊಂದು ಮುಗಿಯಲಿ ಎಂದುಕೊಂಡೆ. ಅದು ಮುಗಿದು, ಆ ಮಗಳ ಮಗಳ ಮದುವೆಯೂ ಮುಗಿಯಿತು. ಅಷ್ಟರಲ್ಲಿ ಎರಡೂ ಕಣ್ಣಿಗೆ ಪೊರೆ ಬಂತು. ನಿಜ ಹೇಳುತ್ತೇನೆ, ಪೊರೆ ಬಂದಾಗ ಒಳಗೊಳಗೇ ಒಂದು ನೆಮ್ಮದಿಯಾಯಿತು. ಕಣ್ಣು ಕಾಣದ ಮುದುಕ ಯಾಕೆ ಬರೆಯಲಿಲ್ಲವೆಂದು ಯಾರು ಕೇಳುತ್ತಾರೆ?

ಹೋದ ತಿಂಗಳು ಮೈಸೂರಿನ ಡಾಕ್ಟರೊಬ್ಬರು ಬಲಗಣ್ಣಿನ ಪೊರೆ ತೆಗೆದರು. ಪೊರೆಯ ಜೊತೆಗೆ ನೆಪವೂ ಹೋಯಿತು. ಪಟ್ಟಿ ಬಿಚ್ಚಿ, ಸೋಡಾ ಬಾಟಲಿಯ ತಳದಂಥ ಕನ್ನಡಕ ಕೊಟ್ಟ ದಿನ ನನಗೆ ಮೊದಲು ಕಂಡದ್ದು ಎದುರಿಗೆ ಕೂತಿದ್ದ ಹೆಂಡತಿಯ ಮುಖ. ಪೊರೆ ಕಟ್ಟಿದ್ದ ಆರೇಳು ವರ್ಷ ಅವಳ ಮುಖ ನನಗೆ ಹಳೆಯ ಪಂಚಾಂಗದ ಕಾಗದದ ಹಾಗೆ ಒಂದೇ ಸಮ ಹಳದಿಯಾಗಿ ಕಾಣುತ್ತಿತ್ತು. ಈಗ ನೋಡಿದರೆ ಕಣ್ಣಿನ ಕೆಳಗೆ ನೇರಳೆ. ಹಣೆಯ ಮೇಲೆ ಕಿಟಕಿಯ ಕಡೆಯಿಂದ ಬಂದ ನೀಲಿ. ಗದ್ದದ ಕೆಳಗೆ, ಆಸ್ಪತ್ರೆಯ ಗೋಡೆಗೆ ಬಳಿದಿದ್ದ ಹಸಿರು ತನ್ನ ಪಾಲಿನದನ್ನು ತಂದಿಟ್ಟಿತ್ತು. ನಾನು ಸುಮ್ಮನೆ ನೋಡುತ್ತಲೇ ಇದ್ದೆ.

"ಏನ್ರೀ, ಗುರುತು ಸಿಗಲಿಲ್ವಾ?" ಎಂದಳು.

"ನಿನ್ನ ಗದ್ದದ ಕೆಳಗೆ ಹಸಿರು ಇದೆ" ಎಂದೆ.

ಅವಳು ಪಕ್ಕದಲ್ಲಿದ್ದ ನರ್ಸಮ್ಮನ ಕಡೆ ತಿರುಗಿ, ಇವರಿಗೆ ಕಣ್ಣು ಸರಿಯಾಯಿತು, ತಲೆ ಮಾತ್ರ ಮದುವೆಯಾದಾಗ ಹೇಗಿತ್ತೋ ಹಾಗೇ ಇದೆ ಎಂದಳು. ಇಬ್ಬರೂ ನಕ್ಕರು. ನಾನೂ ನಕ್ಕೆ. ಆದರೆ ಆವತ್ತು ರಾತ್ರಿ ಊಟ ಸೇರಲಿಲ್ಲ. ಆ ಹಸಿರನ್ನು ನೋಡಲು ನನಗೆ ಕಲಿಸಿದವರ ನೆನಪು ಬಂದು ಎದುರಿಗೆ ಕೂತುಬಿಟ್ಟಿತ್ತು.

ನನ್ನ ಹುಟ್ಟೂರು ಹೊಸ ಅಗ್ರಹಾರ. ಮೈಸೂರಿನಲ್ಲಿ ಹೈಸ್ಕೂಲು ಮುಗಿಸಿ, ಮುಂದೆ ಓದಲು ಅನುಕೂಲವೂ ಇಲ್ಲದೆ, ಅಂಥ ತಲೆಯೂ ಇಲ್ಲದೆ, ಹುಣಸೂರಿನ ಒಂದು ಶಾಲೆಯಲ್ಲಿ ಮೇಷ್ಟರಾಗಿ ಸೇರಿದೆ. ಮಹಾರಾಜರ ಕಾಲ. ರುಮಾಲು ಸುತ್ತಿದ ಮೇಷ್ಟರು ಬಂದರೆ ಬೀದಿಯಲ್ಲಿ ಜನ ಕೊಂಚ ಪಕ್ಕಕ್ಕೆ ಸರಿಯುತ್ತಿದ್ದರು. ಇಪ್ಪತ್ತೆರಡು ವರ್ಷದವನಿಗೆ ಅಷ್ಟು ಸಾಕು, ತಲೆ ತಿರುಗಲು. ಸಾಲದ್ದಕ್ಕೆ ನಾನು ಎಣ್ಣೆಬಣ್ಣದಲ್ಲಿ ಮುಖಗಳನ್ನು ಬರೆಯುತ್ತಿದ್ದೆ. ಯಾರೂ ಕೂರಿಸಿಕೊಂಡು ಕಲಿಸಿದ್ದಲ್ಲ. ಮೈಸೂರಿನಲ್ಲಿ ಓದುವಾಗ ಒಂದು ಫೋಟೋ ಅಂಗಡಿಯ ಹಿತ್ತಲಲ್ಲಿ ಫೋಟೋಗಳಿಗೆ ಬಣ್ಣ ಹಾಕುವುದನ್ನು ನಿಂತು ನೋಡಿ, ಇಷ್ಟೇ ತಾನೆ ಎಂದು ತೀರ್ಮಾನ ಮಾಡಿಕೊಂಡು ಬಂದಿದ್ದೆ.

ಪ್ರತಿಸಲ ಮೈಬಣ್ಣ ಬೆರೆಸುವುದು ದಂಡದ ಕೆಲಸವೆಂದು ಮೂರು ಪಿಂಗಾಣಿ ಭರಣಿಗಳಲ್ಲಿ ಒಂದೇ ಸಲಕ್ಕೆ ಬೆರೆಸಿಟ್ಟಿದ್ದೆ. ಒಂದು ಗಂಡಸರದು. ಒಂದು ಹೆಂಗಸರದು. ಮೂರನೆಯದು ಅಮಲ್ದಾರರಂಥವರದು, ಅದರಲ್ಲಿ ಬಿಳಿ ಒಂದು ಸೌಟು ಹೆಚ್ಚು. ನೆರಳು ಬೇಕಾದಲ್ಲಿ ಅದೇ ಬಣ್ಣಕ್ಕೆ ಕಪ್ಪು ಸೇರಿಸುವುದು, ಬೆಳಕು ಬೇಕಾದಲ್ಲಿ ಬಿಳಿ ಸೇರಿಸುವುದು. ಒಮ್ಮೆ ನಮ್ಮ ತಾಯಿ ಊರಿಂದ ಬಂದವರು ಹೆಂಗಸರ ಭರಣಿಯನ್ನು ಹುಣಸೇಗೊಜ್ಜು ಎಂದುಕೊಂಡು ಸೌಟು ಅದ್ದಿದ್ದರು. ಅದರಲ್ಲಿ ಅವರ ತಪ್ಪೇನೂ ಇರಲಿಲ್ಲ. ನಾನು ಬರೆದ ಮುಖಗಳೂ ಹಾಗೇ, ಗೊಜ್ಜು ಹಚ್ಚಿ ಒಣಗಲು ಇಟ್ಟಂತೆ ಇರುತ್ತಿದ್ದವು. ಬರೆಸಿಕೊಂಡವರು ಮಾತ್ರ ಮೀಸೆ ಸರಿಯಾಗಿ ಬಂದಿದೆಯೇ, ಕಿವಿಯ ಒಂಟಿ ಕಾಣುತ್ತದೆಯೇ ಎಂದು ನೋಡಿ ಸಂತೋಷದಿಂದ ಹೊತ್ತುಕೊಂಡು ಹೋಗುತ್ತಿದ್ದರು. ಹಾಗಾಗಿ ನಾನು ದೊಡ್ಡ ಕಲಾವಿದನೆಂಬುದರಲ್ಲಿ ನನಗೆ ಸಂಶಯವಿರಲಿಲ್ಲ.

ಲಕ್ಷ್ಮಣತೀರ್ಥದ ಸೇತುವೆಗೆ ಹೋಗುವ ದಾರಿಯಲ್ಲಿ ಒಂದು ತಗಡಿನ ಚಪ್ಪರವಿತ್ತು. ಅದರ ಕೆಳಗೆ ಕೂತು ಮದುವೆಯ ಟ್ರಂಕುಗಳಿಗೂ ಎತ್ತಿನ ಗಾಡಿಯ ಹಲಗೆಗಳಿಗೂ ಹೂಬಳ್ಳಿ ಬರೆಯುವವರೊಬ್ಬರಿದ್ದರು. ಆಗಲೇ ಐವತ್ತು ದಾಟಿದ ವಯಸ್ಸು. ಮೆಹಂದಿ ಹಚ್ಚಿದ ಗಡ್ಡ, ಮೊಣಕಾಲಿನ ಮೇಲೆ ಹಾಸಿಕೊಂಡ ಹಳೆಯ ಗೋಣಿತಟ್ಟು. ಊರು ಅವರನ್ನು ಬಣ್ಣದ ಸಾಬರು ಎನ್ನುತ್ತಿತ್ತು. ನಾನೂ ಹಾಗೇ ಎನ್ನುತ್ತಿದ್ದೆ. ಅವರು ಬರೆದ ಬಳ್ಳಿ ಇದ್ದ ಗಾಡಿ ಬೀದಿಯಲ್ಲಿ ಹೋದರೆ ಜನ ಎತ್ತನ್ನು ಬಿಟ್ಟು ಹಲಗೆಯನ್ನು ನೋಡುತ್ತಿದ್ದರು.

ಅವರಲ್ಲಿ ಒಂದು ನೇಮವಿತ್ತು. ಉಸಿರಾಡುವ ಯಾವುದನ್ನೂ ಅವರು ಬರೆಯುತ್ತಿರಲಿಲ್ಲ. ಮನುಷ್ಯರಿರಲಿ, ಗಿಣಿಯನ್ನೂ ಇಲ್ಲ. ಮೊದಲ ಸಲ ಕೈಗೆ ಕುಂಚ ಕೊಟ್ಟ ದಿನ ತಂದೆ ಆ ಮಾತು ತೆಗೆದುಕೊಂಡಿದ್ದರಂತೆ: ಉಸಿರು ಕೊಡುವುದು ಒಬ್ಬನ ಕೆಲಸ, ಅದರ ನಕಲು ನಮ್ಮ ಕೈಗೆ ಬೇಡ. ಮೂವತ್ತು ವರ್ಷ ಅವರು ಆ ಮಾತಿಗೆ ನಿಂತಿದ್ದು ಊರಿಗೆಲ್ಲ ಗೊತ್ತಿತ್ತು. ಯಾರಾದರೂ ಟ್ರಂಕಿನ ಮೇಲೆ ಒಂದು ಗಿಣಿ ಬೇಕೇ ಬೇಕು ಎಂದು ಹಟ ಮಾಡಿದರೆ ಒಂದು ಸೀಬೆಹಣ್ಣು ಬರೆದು, ಅದರ ಮಗ್ಗುಲಲ್ಲಿ ಕೊಕ್ಕಿನಿಂದ ಕುಕ್ಕಿದ ಗುರುತು ಮಾಡಿ, "ಗಿಣಿ ಈಗ ತಾನೆ ಹಾರಿಹೋಯ್ತು ತಾಯಿ, ನೀವು ಜರಾ ಲೇಟು" ಎನ್ನುತ್ತಿದ್ದರು. ಹುಡುಗಿಯರು ನಗುತ್ತಾ ಟ್ರಂಕು ಹೊರಿಸಿಕೊಂಡು ಹೋಗುತ್ತಿದ್ದರು. ಹುಣಸೂರು, ಪಿರಿಯಾಪಟ್ಟಣದ ಕಡೆ ಆ ಕಾಲದ ಟ್ರಂಕು ಯಾರ ಮನೆಯಲ್ಲಾದರೂ ಉಳಿದಿದ್ದರೆ, ಕುಕ್ಕಿದ ಸೀಬೆಹಣ್ಣಿದೆಯೇ ನೋಡಿ.

ನಾನು ಅವರ ಚಪ್ಪರಕ್ಕೆ ಹೋದದ್ದು ಕಲಿಯಲು ಅಲ್ಲ, ತೋರಿಸಲು. ಅಮಲ್ದಾರರ ಭರಣಿಯಿಂದ ಬರೆದಿದ್ದ ಒಂದು ಚಿತ್ರವನ್ನು ಕಂಕುಳಲ್ಲಿ ಇಟ್ಟುಕೊಂಡು ಹೋಗಿ ಅವರ ಮುಂದೆ ಒರಗಿಸಿದೆ. ಸಾಬರು ಬಹಳ ಹೊತ್ತು ನೋಡಿದರು.

"ಕೋಟು ಚೆನ್ನಾಗಿದೆ ಮೇಷ್ಟ್ರೇ" ಎಂದರು.

ಮುಖ ಹೇಗಿದೆ ಎಂದು ಕೇಳಿದೆ. ಮುಖದ ವಿಷಯ ನನಗೆ ಗೊತ್ತಿಲ್ಲ, ನಾನು ಮುಖ ಬರೆಯುವವನಲ್ಲ ಎಂದರು. ಮತ್ತೆ ಕೇಳಿದ್ದಕ್ಕೆ, ಟ್ರಂಕಿನಿಂದ ಕತ್ತರಿಸಿ ಬಿಸಾಕಿದ್ದ ಅಂಗೈಯಗಲದ ಒಂದು ತಗಡು ತೆಗೆದುಕೊಂಡು, ಎರಡೂ ಕಡೆ ಬಿಳಿ ಬಣ್ಣ ಬಳಿದು, ಒಣಗಿದ ಮೇಲೆ ನಡುವೆ ಮೊಳೆ ಹೊಡೆದು ಒಂದು ತೂತು ಮಾಡಿದರು. ರಸ್ತೆಯಾಚೆ ಹುಣಸೆಮರದ ಕೆಳಗೆ ಗಾಡಿಯವನೊಬ್ಬ ಎತ್ತು ಬಿಚ್ಚಿ ಕೂತಿದ್ದ. ಕಪ್ಪು ಮೈಯ ಆಳು. ಒಂದು ಕಣ್ಣು ಮುಚ್ಚಿ, ಈ ತೂತಿನಲ್ಲಿ ಅವನ ಕೆನ್ನೆ ನೋಡಿ, ಏನು ಬಣ್ಣ ಹೇಳಿ ಎಂದರು.

ಕಪ್ಪು ಎಂದೆ.

"ನೀವು ಅವನನ್ನು ನೋಡ್ತಾ ಇದೀರಿ. ತೂತನ್ನ ನೋಡಿ."

ಎಷ್ಟು ಹೊತ್ತು ನೋಡಿದೆನೋ. ಒಂದು ಸಲ ಆ ಗಾಡಿಯವನು ಇಲ್ಲವಾಗಿಬಿಟ್ಟ. ತೂತಿನಲ್ಲಿ ಒಂದು ಚುಕ್ಕೆ ಬಣ್ಣ ಮಾತ್ರ ಉಳಿಯಿತು. ಅದು ಕಪ್ಪಲ್ಲ, ಬದನೆಕಾಯಿಯ ತೊಟ್ಟಿನ ಪಕ್ಕದ ಬಣ್ಣ. ಹಣೆಗೆ ಸರಿಸಿದೆ, ನೀಲಿ, ಹರಳೆಣ್ಣೆ ಹಚ್ಚಿದ ಕೂದಲಿನ ಮೇಲೆ ಆಕಾಶ ಕಾಣುತ್ತದಲ್ಲ, ಅಂಥದು. ಕಿವಿಯ ತುದಿಗೆ ಹಿಂದಿನಿಂದ ಬಿಸಿಲು ಬಿದ್ದು ದಾಳಿಂಬೆಯ ಕಾಳಾಗಿತ್ತು. ಗದ್ದದ ಕೆಳಗೆ ಬಂದೆ. ಅಲ್ಲಿ ಹಸಿರು ಇತ್ತು. ಹೆಸರುಕಾಳು ನೆನೆಹಾಕಿದರೆ ಬರುವ ಹಸಿರು. ತಗಡು ತೆಗೆದೆ, ಅದೇ ಕಪ್ಪು ಗಾಡಿಯವನು. ತಗಡು ಹಿಡಿದೆ, ಹಸಿರು.

ಸಾಬರು ತಮ್ಮ ಬಳ್ಳಿಯಿಂದ ತಲೆ ಎತ್ತದೆ, ಕೆಳಗೆ ಹುಲ್ಲಿದೆಯಲ್ಲ ಮೇಷ್ಟ್ರೇ, ಅದರ ಮೇಲೆ ಬಿಸಿಲು ಬಿದ್ದು ಅವನ ಗದ್ದಕ್ಕೆ ಹೊಡೀತಾ ಇದೆ, ಎಂದರು. ನಾನು ಕೇಳಿದೆ, ಮುಖದ ವಿಷಯ ಗೊತ್ತಿಲ್ಲ ಅಂದಿರಲ್ಲ, ಇದೆಲ್ಲ ಹೇಗೆ ಗೊತ್ತು? ಅವರು ನಕ್ಕರು. "ಆ ತೂತಿನೊಳಗೆ ಮುಖ ಎಲ್ಲಿದೆ? ಬಣ್ಣ ನೋಡೋಕೆ ನಮ್ಮಪ್ಪ ಬೇಡ ಅಂದಿಲ್ಲ."

ಆಮೇಲೆ ನನಗೆ ಹುಚ್ಚು ಹಿಡಿಯಿತು. ಮೂರು ಭರಣಿಗಳನ್ನೂ ತಿಪ್ಪೆಗೆ ಸುರಿದೆ. ತಗಡನ್ನು ಜೇಬಿನಲ್ಲಿಟ್ಟುಕೊಂಡು ತಿರುಗತೊಡಗಿದೆ. ಸಂತೆಯಲ್ಲಿ ಹೊಗೆಸೊಪ್ಪಿನ ವ್ಯಾಪಾರಿಯ ಮೂಗನ್ನು ನೋಡುತ್ತಾ ನಿಂತು, ಅವನು ಏನು ಬೇಕಯ್ಯಾ ಎಂದು ಗದರಿದ್ದುಂಟು. ಮಡಿಕೇರಿಗೆ ಹೋಗುವ ಬಸ್ಸಿನಲ್ಲಿ ಎದುರು ಕೂತಿದ್ದ ಹಿರಿಯರೊಬ್ಬರು, ನಾನು ದಿಟ್ಟಿಸುವುದನ್ನು ತಾಳಲಾರದೆ ಎದ್ದು ಹಿಂದಿನ ಸೀಟಿಗೆ ಹೋಗಿ ಕೂತರು. ಆಗ ತಾನೆ ನನಗೆ ಮದುವೆಯಾಗಿತ್ತು. ಹೆಂಡತಿ ಮನೆಗೆ ಬಂದ ಎಂಟನೆಯ ದಿನ, ಹಿತ್ತಲ ಬಾಳೆಯ ಪಕ್ಕದಲ್ಲಿ ಕೂತು ಅಕ್ಕಿ ಆರಿಸುತ್ತಿದ್ದವಳನ್ನು ತಗಡಿನಲ್ಲಿ ನೋಡಿ, ಪ್ರೀತಿ ತಡೆಯಲಾರದೆ, "ನಿನ್ನ ಗದ್ದದ ಕೆಳಗೆ ಎಷ್ಟು ಚೆಂದದ ಹಸಿರು ಇದೆ!" ಎಂದೆ. ಅವಳು ಎದ್ದು ಒಳಗೆ ಹೋದಳು. ಕಡಲೆಹಿಟ್ಟು ಹಾಕಿ ಮೂರು ಸಲ ಮುಖ ತೊಳೆದಳು. ಆಮೇಲೆ ಅತ್ತಳು. ಪಾಚಿ ಕಟ್ಟಿದ್ದೀಯ ಎಂದು ನಾನು ಹೀಯಾಳಿಸಿದೆನೆಂದು ತಿಳಿದಿದ್ದಳಂತೆ. ಸಮಾಧಾನ ಮಾಡಲು ಒಂದು ವಾರ ಹಿಡಿಯಿತು; ಆಸ್ಪತ್ರೆಯಲ್ಲಿ ಅವಳು ನಕ್ಕದ್ದು ಅದಕ್ಕೆ.

ಶಾಲೆಯಲ್ಲಿ ಮಾತ್ರ, ಈ ಬಣ್ಣಗಳನ್ನು ಕಂಡುಹಿಡಿದವನು ನಾನೇ ಎಂಬಂತೆ ಮಾತಾಡುತ್ತಿದ್ದೆ. ಸಾಬರ ಹೆಸರು ಬಾಯಿಗೆ ಬರುತ್ತಿರಲಿಲ್ಲ. ಆಗಲೇ ಅದು ಶುರುವಾಗಿತ್ತು ಎಂದು ಈಗ ಅನ್ನಿಸುತ್ತದೆ.

ಬೆಟ್ಟದಪುರದ ಪಕ್ಕದ ಒಂದು ಹಳ್ಳಿಯ ಪಟೇಲರು ಮಗಳ ಮದುವೆಗೆಂದು ಎರಡು ಟ್ರಂಕಿಗೆ ಬಣ್ಣ ಬರೆಯಲು ಸಾಬರಿಗೆ ಹೇಳಿದರು. ಮುಚ್ಚಳದ ಮೇಲೆ ಲಕ್ಷ್ಮಿ ಇರಲಿ ಎಂದರು. ಸಾಬರು ತಂದೆಗೆ ಕೊಟ್ಟ ಮಾತು ಹೇಳಿ ಕೈಮುಗಿದರು. ಪಟೇಲರು ಕೋಪ ಮಾಡಿಕೊಳ್ಳಲಿಲ್ಲ. ಮಾತು ಎಂದರೆ ಮಾತು ಎಂದು ಒಪ್ಪಿದರು. ಸಾಬರು ಒಂದು ಕೆಂಪು ತಾವರೆ ಬರೆದು, "ಕೂರೋ ಜಾಗ ಸಿದ್ಧ ಮಾಡಿದೀನಿ ಯಜಮಾನ್ರೇ, ಬರೋದು ಆ ತಾಯಿಗೆ ಬಿಟ್ಟದ್ದು" ಎಂದರಂತೆ. ಪಟೇಲರಿಗೆ ಅದು ಎಷ್ಟು ಹಿಡಿಸಿತೆಂದರೆ, ತಮ್ಮ ತಾಯಿಯ ಚಿತ್ರವನ್ನೂ ಬರೆಸಬೇಕು, ಯಾರಾದರೂ ಇದ್ದಾರೆಯೇ ಎಂದು ಸಾಬರನ್ನೇ ಕೇಳಿದರು. ಸಾಬರು ನನ್ನ ಹೆಸರು ಹೇಳಿದರು.

ಹೀಗೆ ಐದು ಭಾನುವಾರ ಪಟೇಲರ ಗಾಡಿಯಲ್ಲಿ ನಾವಿಬ್ಬರೂ ಆ ಹಳ್ಳಿಗೆ ಹೋದೆವು. ಬಣ್ಣ ಬರೆದ ಟ್ರಂಕನ್ನು ಆ ಕೊರಕಲು ದಾರಿಯಲ್ಲಿ ಸಾಗಿಸಿದರೆ ತರಚುತ್ತದೆಂದು ಸಾಬರು ಅಲ್ಲೇ ಜಗಲಿಯ ಮೇಲೆ ಕೂತು ಬರೆಯುತ್ತಿದ್ದರು. ಅಂಗಳದ ಹೊಂಗೆಮರದ ಕೆಳಗೆ ಪಟೇಲರ ತಾಯಿ ನಿಂಗಮ್ಮ ಮಣೆಯ ಮೇಲೆ ಕೂರುತ್ತಿದ್ದರು. ಎಪ್ಪತ್ತು ವರ್ಷದ, ಎಣ್ಣೆಗಪ್ಪು ಬಣ್ಣದ, ಬಾಯಿತುಂಬ ಎಲೆಅಡಿಕೆಯ ಅಜ್ಜಿ. ಹೊಗೆಸೊಪ್ಪು ಮುರಿಯುವ ಕಾಲವಾದ್ದರಿಂದ ಮನೆಯವರೆಲ್ಲ ಹೊಲದಲ್ಲಿ. ಮನೆಯಲ್ಲಿ ನಾವು ಮೂವರೇ. ನಾನು ಬರೆಯುವುದು, ತಗಡಿನಲ್ಲಿ ನೋಡುವುದು, ಎಲ್ಲಿಯಾದರೂ ತಡವರಿಸಿದರೆ ಜಗಲಿಯ ಕಡೆ ನೋಡುವುದು. ಸಾಬರು ಕೂತಲ್ಲಿಂದಲೇ, ಆ ಮಡಿಕೆಯಲ್ಲಿ ನೇರಳೆ ಇದೆ ನೋಡಿ, ಅದರ ಪಕ್ಕ ಇಟ್ಟಿಗೆ ಕೆಂಪು ಹಾಕಿದರೆ ಎದ್ದು ಬರುತ್ತದೆ, ಎನ್ನುವುದು. ಒಂದು ದಿನವೂ ಅವರು ಎದ್ದು ಬಂದು ನನ್ನ ಚಿತ್ರವನ್ನು ಮುಟ್ಟಲಿಲ್ಲ. ಹತ್ತಿರ ಬಂದು ನೋಡಲೂ ಇಲ್ಲ.

ಗದ್ದದ ಕೆಳಗೆ ಹಸಿರು ಇದೆ ಎಂದು ನಾನು ಹೇಳಿದಾಗ ನಿಂಗಮ್ಮ ಎಲೆಅಡಿಕೆ ಉಗಿದು ಬಂದು ಕೂತು, "ಎಪ್ಪತ್ ವರ್ಸದಿಂದ ಒತ್ಕಂಡ್ ತಿರುಗ್ತಿವ್ನಿ ಈ ಮೂತೀಯ. ಅಸ್ರು ಐತೆ ಅಂತ ಯಾರೂ ಏಳ್ನಿಲ್ಲ ಕಣಪ್ಪ" ಎಂದರು.

"ಮರದ ಕೆಳಗೆ ಕೂತಿದೀರಲ್ಲ ಅಮ್ಮ, ಮರ ನಿಮಗೆ ಒಂದಿಷ್ಟು ಕೊಟ್ಟಿದೆ" ಎಂದರು ಸಾಬರು.

"ಮರ್ವಾದ್ರೂ ಕೊಡ್ತು ಬುಡು. ಸೊಸೆ ಏನೂ ಕೊಡಕಿಲ್ಲ."

ನನ್ನ ಜೀವಮಾನದಲ್ಲಿ ನಾನು ನಿಜವಾಗಿ ಬರೆದ ಮುಖ ಅದೊಂದೇ. ಬಿಸಿಲಿನಲ್ಲಿ ಇಟ್ಟು ಹತ್ತು ಹೆಜ್ಜೆ ಹಿಂದೆ ಬಂದು ನೋಡಿದರೆ ಅಜ್ಜಿ ಈಗ ಬೈದಾರು ಎನ್ನುವಂತೆ ಇತ್ತು. ಐದನೆಯ ಭಾನುವಾರ, ಒಣಗಲೆಂದು ಅದನ್ನು ನಡುಮನೆಯಲ್ಲಿ ಬಟ್ಟೆ ಮುಚ್ಚಿ ನಿಲ್ಲಿಸಿ ಬಂದೆವು.

ಆ ವಾರವೇ ನಿಂಗಮ್ಮನಿಗೆ ಚಳಿಜ್ವರ ಬಂತು. ನಮಗೆ ಗೊತ್ತಿರಲಿಲ್ಲ. ಮುಂದಿನ ಭಾನುವಾರ ಹೋದಾಗ ಅಂಗಳದ ತುಂಬ ನೆಂಟರು. ಅಜ್ಜಿಯನ್ನು ನೋಡಲು ಬಂದವರು ಬಟ್ಟೆ ಸರಿಸಿ ಚಿತ್ರವನ್ನೂ ನೋಡಿದ್ದರು. ಹೊಂಗೆಯ ನೆರಳಿನ ಬೆಳಕಿನಲ್ಲಿ ಬರೆದದ್ದನ್ನು ಕಿಟಕಿಯಿಲ್ಲದ ನಡುಮನೆಯ ಕತ್ತಲಲ್ಲಿ ನೋಡಿದರೆ ಏನಾಗಬೇಕು? ಕೆಂಪೆಲ್ಲ ಇಂಗಿಹೋಗಿ, ನೀಲಿ ಹಸಿರು ಮಾತ್ರ ಮೇಲೆ ತೇಲುತ್ತಿತ್ತು. ಹಾವು ಕಡಿದವರ ಮುಖ ಹಾಗಾಗುವುದನ್ನು ಆ ಕಾಡಿನಂಚಿನ ಜನ ಕಣ್ಣಾರೆ ಕಂಡಿದ್ದರು. ಒಳಗೆ ಅಜ್ಜಿ ಕಂಬಳಿ ಹೊದ್ದು ನಡುಗುತ್ತಿದ್ದರೆ, ನಡುಮನೆಯಲ್ಲಿ ಗೋಡೆಗೆ ಒರಗಿ ಅವರ ಹೆಣ ಕೂತಿತ್ತು. ಯಾರೋ ಮುದುಕಿ ಆಗಲೇ ಎದೆ ಬಡಿದುಕೊಂಡು ಅತ್ತಿದ್ದಳಂತೆ.

ಪಟೇಲರು ಕೂಗಾಡಲಿಲ್ಲ. ಕೂಗಾಡಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆನೋ ಏನೋ. ಚಿತ್ರವನ್ನು ಅಂಗಳಕ್ಕೆ ತರಿಸಿ, ಮಗುಚಿ ಇಡಿಸಿ, ಸಣ್ಣ ದನಿಯಲ್ಲಿ ಕೇಳಿದರು:

"ಇದೇನ್ ಮೇಷ್ಟ್ರೇ? ನಮ್ಮವ್ವ ಒಳಗೆ ಮಲಗವ್ಳೆ. ಅವಳ ಮೊಕಕ್ಕೆ ಇಸ ಏರ್ದಂಗೆ ಬಳ್ದಿದ್ದೀರಲ್ಲ."

ನೆಂಟರೆಲ್ಲ ನನ್ನನ್ನೇ ನೋಡುತ್ತಿದ್ದರು. ಹೊಂಗೆಮರ, ಬಿಸಿಲು, ತಗಡು, ಎಲ್ಲವನ್ನೂ ಹೇಳಬಹುದಿತ್ತು. ಚಿತ್ರವನ್ನು ತಿರುಗಿಸಿ ಆ ಮರದ ಕೆಳಗೇ ಇಟ್ಟು ತೋರಿಸಬಹುದಿತ್ತು. ನನ್ನ ಬಾಯಿಂದ ಬಂದದ್ದು ಇದು:

"ಬಣ್ಣ ಹಾಕಿದ್ದು ಸಾಬರು ಯಜಮಾನರೇ. ನಾನು ಗೆರೆ ಮಾತ್ರ ಬರೆದದ್ದು."

ಸಾಬರು ಆಗ ಜಗಲಿಯ ಮೇಲೆ ಟ್ರಂಕಿನ ಬೀಗದ ಸುತ್ತ ಕೊನೆಯ ಎಲೆ ತಿದ್ದುತ್ತಿದ್ದರು. ಕುಂಚ ಹಾಗೇ ನಿಂತಿತು. ಪಟೇಲರು ತಿರುಗಿ, "ದಿಟವಾ ಸಾಬ್ರೇ?" ಎಂದು ಕೇಳಿದರು.

ಸಾಬರು ನನ್ನನ್ನು ನೋಡಿದರು. ಇಲ್ಲ ಎಂದರೆ ಸಾಕಾಗಿತ್ತು. ಹಾಗೆ ಅಂದರೆ ಅಷ್ಟು ಜನರ ಮುಂದೆ ಒಬ್ಬ ಮೇಷ್ಟರು ಸುಳ್ಳುಗಾರನಾಗುತ್ತಿದ್ದ.

"ಬಣ್ಣ ಹೇಳಿದ್ದು ನಾನೇ ಯಜಮಾನ್ರೇ" ಎಂದರು.

ಅದು ಸುಳ್ಳಲ್ಲ. ಆದರೆ ಅಲ್ಲಿದ್ದವರಿಗೆ ಕೇಳಿಸಿದ್ದು ಬೇರೆ. ಪಟೇಲರು ಹೇಳಿದರು: "ಲಕ್ಸ್ಮೀ ಮೊಕ ಬರೀರಿ ಅಂದ್ರೆ, ಅಪ್ಪಂಗೆ ಮಾತ್ ಕೊಟ್ಟಿವ್ನಿ ಅಂದ್ರಿ. ನಾನು ನಂಬ್ದೆ. ನಮ್ಮವ್ವನ ಮೊಕಕ್ಕೆ ಇಸ ಬಳ್ಯಕೆ ಆ ಮಾತು ಅಡ್ಡ ಬರ್ನಿಲ್ವಾ?"

ಸಾಬರು ಮೊಣಕಾಲಿನ ಮೇಲಿನ ಗೋಣಿತಟ್ಟು ಮಡಿಚಿಟ್ಟರು. ಕುಂಚ ಒರೆಸಿ ಕಟ್ಟಿದರು. ಈ ಟ್ರಂಕು ನನ್ನ ಮಗಳ ಜೊತೆ ಹೋಗಕೂಡದು, ತೆಗೆದುಕೊಂಡು ಹೋಗಿ ಎಂದರು ಪಟೇಲರು. ಗಾಡಿ ಕಟ್ಟಿಸಲಿಲ್ಲ.

ಬಸ್ಸು ಸಿಗುವ ರಸ್ತೆಗೆ ಮೂರು ಮೈಲಿ. ಒಂದು ಟ್ರಂಕನ್ನು ಸಾಬರು ತಲೆಯ ಮೇಲೆ ಹೊತ್ತರು, ಇನ್ನೊಂದನ್ನು ನಾನು ಹೊತ್ತೆ. ರುಮಾಲಿನ ಮೇಲೆ ಮದುಮಗಳ ಟ್ರಂಕು, ಅದರ ಮೇಲೆ ತಾವರೆ. ಹೊಲದಲ್ಲಿದ್ದವರು ನಿಂತು ನೋಡಿದರು. ಮೂರು ಮೈಲಿಯೂ ನಾನು ಒಂದು ಮಾತಿಗಾಗಿ ಕಾಯುತ್ತಿದ್ದೆ. ಯಾಕೆ ಹಾಗೆ ಹೇಳಿದಿರಿ ಎಂದು ಅವರು ಕೇಳಿದ್ದರೆ ನಾನು ಅಲ್ಲೇ ಟ್ರಂಕು ಇಳಿಸಿ ಕಾಲು ಹಿಡಿಯುತ್ತಿದ್ದೆ. ಇದು ಈಗಿನ ನನ್ನ ನಂಬಿಕೆ. ಆದರೆ ಅಷ್ಟು ದಾರಿಯಲ್ಲಿ ಅವರು ಆಡಿದ್ದು ಒಂದೇ ಮಾತು.

"ಬಣ್ಣ ಹಸಿ ಇದೆ ಮೇಷ್ಟ್ರೇ. ಮೇಲ್ಗಡೆ ಕೈ ಹಾಕ್ಬೇಡಿ, ಪಕ್ಕದಲ್ಲಿ ಹಿಡ್ಕೊಳ್ಳಿ."

ಪಟೇಲರು ಕೆಟ್ಟವರಲ್ಲ. ಅವರು ನೊಂದದ್ದು ಚಿತ್ರಕ್ಕಿಂತ ಹೆಚ್ಚಾಗಿ, ತಾವು ಗೌರವಿಸಿದ ಒಂದು ಮಾತು ಪೊಳ್ಳಾಯಿತೆಂದು. ಮುಂದಿನ ಸಂತೆಯಲ್ಲಿ ನಾಲ್ಕು ಜನರ ಮುಂದೆ ಹಾಗೇ ಹೇಳಿದರು. ಸಂತೆಯಲ್ಲಿ ಹೇಳಿದ್ದು ಸಂಜೆಯೊಳಗೆ ಹುಣಸೂರಿನ ಬೀದಿ ಬೀದಿಗೂ ಮುಟ್ಟುತ್ತದೆ. ಬೆಟ್ಟದಪುರದ ಕಡೆಯ ಗಾಡಿಗಳು ಸಾಬರ ಚಪ್ಪರದ ಮುಂದೆ ನಿಲ್ಲುವುದು ಕಡಿಮೆಯಾಯಿತು. ಅದಕ್ಕಿಂತ ದೊಡ್ಡದು, ಅವರ ಕೇರಿಯ ಹಿರಿಯರೇ ಬಂದು, ಮೂವತ್ತು ವರ್ಷ ಮುಖ ಬರೆಯುವುದಿಲ್ಲ ಎಂದವನು ಈಗ ಇದೇನು ಎಂದು ಕೇಳಿದರಂತೆ. ಅವರಿಗೂ ಸಾಬರು ಅದೇ ಉತ್ತರ ಕೊಟ್ಟರಂತೆ, ಬಣ್ಣ ಹೇಳಿದ್ದು ನಾನೇ ಎಂದು. ಇಡೀ ಊರಿನಲ್ಲಿ ಅವರು ಮಾತಿನ ಮನುಷ್ಯ ಎಂದು ಬಾಳಿದ್ದವರು. ಟ್ರಂಕು ಬರೆಯುವವನಿಗೆ ಬೇರೆ ಆಸ್ತಿ ಏನಿರುತ್ತದೆ? ಅದನ್ನು ನಾನು ಒಂದು ಉಸಿರಿನಲ್ಲಿ ತೆಗೆದುಕೊಂಡಿದ್ದೆ.

ನಾನು ಚಪ್ಪರಕ್ಕೆ ಹೋಗುವುದನ್ನು ಬಿಡಲಿಲ್ಲ. ಬಿಟ್ಟರೆ ತಪ್ಪು ಒಪ್ಪಿಕೊಂಡಂತೆ ಆಗುತ್ತದೆಂಬ ಲೆಕ್ಕಾಚಾರ. ಸಾಬರು ಎಂದಿನಂತೆ, "ಬನ್ನಿ ಮೇಷ್ಟ್ರೇ, ಕೂತ್ಕೊಳ್ಳಿ" ಎನ್ನುತ್ತಿದ್ದರು, ಚಹಾ ತರಿಸುತ್ತಿದ್ದರು. ಒಂದು ದಿನ ನಾನು ತಗಡು ಹಿಡಿದು, ಎದುರು ನಿಂತವನ ಕತ್ತಿನ ನೆರಳಲ್ಲಿ ಏನಿದೆ ಎಂದು ಗೊತ್ತಾಗುತ್ತಿಲ್ಲವಲ್ಲ ಎಂದೆ. ಅವರು ಆ ಕಡೆ ನೋಡಲೂ ಇಲ್ಲ. "ನಿಮಗೆ ಕಣ್ಣು ಬಂದಿದೆ ಮೇಷ್ಟ್ರೇ. ಇನ್ನು ನೀವೇ ನೋಡಬೇಕು" ಎಂದರು. ಅಂದಿನಿಂದ ನನಗೆ ಒಂದು ಬಣ್ಣವನ್ನೂ ಅವರು ಹೇಳಲಿಲ್ಲ.

ನಿಂಗಮ್ಮ ಸಾಯಲಿಲ್ಲ. ಜ್ವರ ಬಿಟ್ಟು ಎದ್ದು ಕೂತು, ಸೊಸೆಯನ್ನು ಬೈದು, ಅಟ್ಟಕ್ಕೆ ಹಾಕಿದ್ದ ಚಿತ್ರವನ್ನು ಕೆಳಗಿಳಿಸಿ ಜಗಲಿಯ ಗೋಡೆಗೆ ಮೊಳೆ ಹೊಡೆಸಿ ತೂಗುಹಾಕಿಸಿದರು. ಬೆಳಕು ಬೀಳುವ ಜಾಗ. ಅಲ್ಲಿ ಅದು ಮತ್ತೆ ಜೀವ ಪಡೆಯಿತು. ವರ್ಷವಾದ ಮೇಲೆ ಆಳಿನ ಕೈಲಿ ನನ್ನನ್ನು ಕರೆಸಿದರು. ಹೋದೆ. ಅಜ್ಜಿ ಜಗಲಿಯ ಮೇಲೆ ತಮ್ಮ ಚಿತ್ರದ ಕೆಳಗೇ ಕೂತಿದ್ದರು.

"ಕೂತಿದ್ದೋಳು ನಾನು. ಕುಂಚ ಯಾರ ಕೈಲಿತ್ತು ಅಂತ ನನಗೆ ಗೊತ್ತಿಲ್ವಾ ಮಗ?" ಎಂದರು. ನಾನು ನೆಲ ನೋಡಿದೆ. ಮಗನಿಗೆ ಹೇಳಿದರಂತೆ. ನಿನಗೆ ಜ್ವರ ತಲೆಗೇರಿತ್ತು ಕಣವ್ವ, ಮೇಷ್ಟರು ಸುಳ್ಳು ಹೇಳುತ್ತಾರಾ ಎಂದನಂತೆ ಪಟೇಲ. "ಅದ್ಕೆ ನೀನೇ ಏಳು. ಮೊದ್ಲು ಆ ಸಾಬಣ್ಣನ್ ತಾವ ಓಗು. ತೆಪ್ಪಾಯ್ತು ಅನ್ನು. ಆಮೇಕೆ ಬಂದು ನನ್ ಮಗನ್ಗೆ ಏಳು. ಅಷ್ಟೇ ಕಣಪ್ಪ, ಏನ್ ಬೆಟ್ಟ ಅಗ್ಯೋ ಕೆಲ್ಸ್ವಾ?"

ಹೋಗುತ್ತೇನೆ ಎಂದು ಮಾತು ಕೊಟ್ಟೆ. ಹೋಗಲಿಲ್ಲ. ಎರಡು ತಿಂಗಳಾದ ಮೇಲೆ ಹುಣಸೂರಿನ ಸಂತೆಗೆ ಗಾಡಿಯಲ್ಲಿ ಬಂದಿದ್ದ ಅಜ್ಜಿ ನನ್ನನ್ನು ಬೀದಿಯಲ್ಲಿ ಹಿಡಿದು ನಿಲ್ಲಿಸಿ, ಹೋಗಿದ್ದೆಯಾ ಎಂದು ಕೇಳಿದರು. ಹೂಂ ಎಂದೆ. ಸಾಬಣ್ಣ ಏನೆಂದ ಎಂದರು. ಇದನ್ನು ಬರೆಯುವಾಗಲೂ ಕೈ ನಿಲ್ಲುತ್ತದೆ. "ಆದದ್ದು ಆಯಿತು ಬಿಡಿ ಅಂದರು" ಎಂದೆ. ಅಜ್ಜಿಯ ಮುಖ ಅರಳಿತು. ಅಂಗಾರೆ ಸರಿ ಬುಡು, ದೊಡ್ಡ ಮನ್ಸ ಕಣಪ್ಪ ಎಂದು ಮಡಿಲಿನಿಂದ ಒಂದು ಅಚ್ಚು ಬೆಲ್ಲ ತೆಗೆದು ನನ್ನ ಕೈಗಿಟ್ಟರು. ಇನ್ನು ಮಗನಿಗೊಂದು ಹೇಳಿಬಿಡು ಎಂದರು. ಅದಕ್ಕೂ ಹೂಂ ಎಂದೆ. ಆ ಮಳೆಗಾಲದಲ್ಲಿ ಅಜ್ಜಿ ತೀರಿಕೊಂಡರು, ನಾನು ಹೇಳಿಯೇ ಹೇಳುತ್ತೇನೆಂದು ನಂಬಿಕೊಂಡು. ಆ ಬೆಲ್ಲವನ್ನು ನಾವು ತಿಂದೆವು; ಹೆಂಡತಿ ಪಾಯಸ ಮಾಡಿದ್ದಳು.

ನಾಲ್ಕೈದು ವರ್ಷದಲ್ಲಿ ಸಾಬರಿಗೆ ಕೈ ನಡುಗುವುದು ಶುರುವಾಯಿತು. ಬಳ್ಳಿ ಬರೆಯುವ ಕೈ ನಡುಗಿದರೆ ಮುಗಿಯಿತು. ಚಪ್ಪರ ಬಿಚ್ಚಿ ಪಿರಿಯಾಪಟ್ಟಣದಲ್ಲಿದ್ದ ಮಗಳ ಮನೆಗೆ ಹೋದರು. ಅಳಿಯನದು ಬಳೆ ಅಂಗಡಿ. ಯುದ್ಧದ ಕಾಲ, ಸೀಮೆಎಣ್ಣೆಗೂ ಸಾಲು ನಿಲ್ಲುವ ದಿನಗಳು. ಈ ಸಲ ಹೇಳಿಯೇ ಬಿಡುತ್ತೇನೆ ಎಂದು ಒಂದು ರಜಾ ದಿನ ಬಸ್ಸು ಹತ್ತಿದೆ. ಒಬ್ಬನೇ ಹೋಗಲು ಧೈರ್ಯ ಸಾಲದೆ, ಬಳೆ ಕೊಡಿಸುತ್ತೇನೆಂದು ಹೆಂಡತಿಯನ್ನೂ ಕರೆದುಕೊಂಡು ಹೋದೆ. ಅವಳಿಗೆ ಏನೂ ಗೊತ್ತಿರಲಿಲ್ಲ.

ಸಾಬರು ಅಂಗಡಿಯ ಮೂಲೆಯಲ್ಲಿ ಕೂತಿದ್ದರು. ಗಡ್ಡಕ್ಕೆ ಈಗ ಮೆಹಂದಿ ಇರಲಿಲ್ಲ. "ಬನ್ನಿ ಮೇಷ್ಟ್ರೇ" ಎಂದರು, ನಿನ್ನೆ ತಾನೆ ಬಂದು ಹೋದವನಿಗೆ ಅನ್ನುವಂತೆ. ಹೆಂಡತಿ ಹಸಿರು ಗಾಜಿನ ಬಳೆ ಕೇಳಿದಳು. ಅಳಿಯ ಹಸಿರಿನ ಮಾಲೆ ತೆಗೆದ. ಸಾಬರು ಬೇಡ ಎಂದು ಕೈಸನ್ನೆ ಮಾಡಿ, "ಕೈ ಜರಾ ಬೆಳಕಿಗೆ ಹಿಡೀರಿ ತಾಯಿ" ಎಂದರು. ಹಿಡಿದಳು. ಒಂದು ಕಣ್ಣು ಮುಚ್ಚಿ ನೋಡಿದರು.

"ನಿಮ್ಮ ಮಣಿಕಟ್ಟಿನಲ್ಲೇ ಹಸಿರು ಇದೆ. ಮೇಲೆ ಹಸಿರು ಹಾಕಿದ್ರೆ ಎರಡೂ ಸಾಯ್ತವೆ. ಕೆಂಪು ಹಾಕಿ, ಕೈ ಬೆಳಗ್ತದೆ."

ಹೆಂಡತಿಗೆ ಆಶ್ಚರ್ಯ. ಇವರೂ ಹೀಗೇ ಹೇಳುತ್ತಾರೆ, ನಮ್ಮ ಮನೆಯವರು, ಎಂದಳು. ಸಾಬರು ನನ್ನನ್ನು ನೋಡಲಿಲ್ಲ. ಅವಳೊಂದಿಗೇ ಮಾತಾಡುತ್ತಾ ಹೋದರು: ಬೆರಳಿನ ಗಿಣ್ಣಿನಲ್ಲಿ ಏನಿದೆ, ಉಗುರಿನ ಬುಡದಲ್ಲಿ ಏನಿದೆ, ಮದುವೆಯ ದಿನ ಹೆಣ್ಣುಮಕ್ಕಳ ಕೈ ಯಾಕೆ ಬೇರೆ ಬಣ್ಣ ಕಾಣುತ್ತದೆ. ಅಷ್ಟು ವರ್ಷ ನನಗೆ ಹೇಳದೆ ಇಟ್ಟುಕೊಂಡಿದ್ದ ಬಣ್ಣಗಳನ್ನೆಲ್ಲ ನನ್ನ ಹೆಂಡತಿಗೆ ಹೇಳಿದರು. ನಾನು ಪಕ್ಕದಲ್ಲಿ ನಿಂತು ಕೇಳಿಸಿಕೊಂಡೆ. ನನಗೆ ಎಷ್ಟು ಸುಖವಾಯಿತೆಂದರೆ, ಈಗ ಹಳೆಯದನ್ನು ಎತ್ತಿ ಇದನ್ನು ಯಾಕೆ ಕೆಡಿಸಬೇಕು, ಅವರು ಮರೆತಿದ್ದಾರೆ, ಕ್ಷಮಿಸಿದ್ದಾರೆ ಎಂದುಕೊಂಡೆ. ಕ್ಷಮೆಯನ್ನು ಕೇಳದೆಯೇ ತೆಗೆದುಕೊಂಡು ಜೇಬಿಗೆ ಹಾಕಿಕೊಂಡೆ.

ಹಿಂದಿರುಗುವಾಗ ಬಸ್ಸಿನಲ್ಲಿ ಹೆಂಡತಿ ಕೆಂಪು ಬಳೆಗಳನ್ನು ತಿರುಗಿಸಿ ನೋಡಿಕೊಳ್ಳುತ್ತಾ, ಅವರು ಯಾರು, ನಿಮಗೆ ಬಹಳ ಬೇಕಾದವರ ಹಾಗಿದ್ದರಲ್ಲ ಎಂದಳು. ಯಾರೋ ಟ್ರಂಕಿಗೆ ಬಣ್ಣ ಬಳಿಯುತ್ತಿದ್ದವರು, ಹುಣಸೂರಿನಲ್ಲಿ ನೋಡಿದ್ದೆ ಎಂದೆ. ಮುಂದಿನ ವರ್ಷ ಅವರು ತೀರಿಕೊಂಡ ಸುದ್ದಿ ಬಂತು. ನನ್ನ ಹೆಂಡತಿ ಇದನ್ನು ಓದುವವಳು. ಈ ಸಾಲಿಗೆ ಬಂದಾಗ ಅವಳು ಕನ್ನಡಕ ತೆಗೆದು ನನ್ನನ್ನು ಹೇಗೆ ನೋಡುತ್ತಾಳೆಂದು ಗೊತ್ತಿದೆ. ನೋಡಲಿ.

ಇಲ್ಲಿಯವರೆಗೆ ನಾನು ಅವರನ್ನು ಬಣ್ಣದ ಸಾಬರು ಎಂದೇ ಬರೆದುಕೊಂಡು ಬಂದೆ. ಹೆಸರು ಮರೆತು ಅಲ್ಲ. ಹೆಸರು ಬರೆದರೆ ಅವರು ಎದುರಿಗೆ ಬಂದು ನಿಲ್ಲುತ್ತಾರೆಂಬ ಭಯಕ್ಕೆ. ಆ ಅಂಗಳದಲ್ಲಿ, ಅಷ್ಟು ಜನರ ಮುಂದೆ, ನಾನು ಹೇಳಬೇಕಾಗಿದ್ದದ್ದು ಬಹಳ ಚಿಕ್ಕದು. ನಿಂಗಮ್ಮನವರ ಮುಖಕ್ಕೆ ಬಣ್ಣ ಹಾಕಿದವನು ನಾನು. ಅವರ ಕುಂಚ ಒಂದು ಸಲವೂ ಆ ಚಿತ್ರವನ್ನು ಮುಟ್ಟಿರಲಿಲ್ಲ. ತಂದೆಗೆ ಕೊಟ್ಟ ಮಾತನ್ನು ಅವರು ಕೊನೆಯ ದಿನದವರೆಗೆ ಮುರಿದವರಲ್ಲ. ಅವರು ಹುಣಸೂರಿನ ಖಾಸಿಂ ಸಾಹೇಬರ ಮಗ, ದಸ್ತಗೀರ್ ಸಾಹೇಬರು.